ನಡುಮನೆ ಗೋಡೆಯ ಕಾಗದ ಕಿತ್ತಿದ್ದು

ನಮ್ಮ ಚಿಕ್ಕಪ್ಪ ಮಾತು ಕೊಡುವ ಮುಂಚೆ ಒಂದು ಸಲ ಕೆಮ್ಮುತ್ತಾರೆ. ಗಂಟಲಲ್ಲಿ ಏನೂ ಇರುವುದಿಲ್ಲ. ಲಾರಿ ರಿವರ್ಸ್ ಹೋಗುವಾಗ ಪೀಂ ಪೀಂ ಅನ್ನುತ್ತದಲ್ಲ, ಹಾಗೆ. ಹಿಂದೆ ನಿಂತವರು ಸರಿದುಕೊಳ್ಳಲಿ ಅಂತ. ಆ ಕೆಮ್ಮು ನನಗೆ ಅವರಿಗಿಂತ ಚೆನ್ನಾಗಿ ಬರುತ್ತದೆ. ಒಂದು ಸಲ ಅವರ ಬಾಗಿಲಿನ ಹೊರಗೆ ನಿಂತು ಸುಮ್ಮನೆ ಕೆಮ್ಮಿದೆ. ಚಿಕ್ಕಮ್ಮ ಒಳಗಿನಿಂದ ಕಾಫಿ ಲೋಟ ಹಿಡಿದುಕೊಂಡು ಬಂದೇಬಿಟ್ಟರು. ಕಾಫಿ ಕುಡಿದೇ ವಾಪಸಾದೆ, ಬೈಗುಳ ಬೇರೆ ಎಕ್ಸ್ಟ್ರಾ.

ವರ್ಷತೊಡಕಿನ ಮಧ್ಯಾಹ್ನ ಎರಡೂ ಮನೆಯವರು ಅಂಗಳದಲ್ಲಿ ಚಾಪೆ ಹಾಸಿಕೊಂಡು ಮುದ್ದೆ, ಮಟನ್ ಸಾರು ಉಣ್ಣುತ್ತಿದ್ದಾಗ ಚಿಕ್ಕಪ್ಪ ಆ ಕೆಮ್ಮು ಕೆಮ್ಮಿದರು.

"ಅಣ್ಣನ ಮಗಳ ಹೂ ಮುಡಿಸೋ ಶಾಸ್ತ್ರ ನಮ್ಮ ನಡುಮನೇಲೇ ಆಗ್ಬೇಕು. ಆ ಬೋರ್ಡ್ ಬಿಚ್ಚಾಕ್ಬುಡಾವ. ಮೊದ್ಲಿನಂಗೆ ಒಂದೇ ಮನೆ."

ಅಕ್ಕನಿಗೆ ಗಂಡು ಗೊತ್ತಾಗಿ ಆಗಿನ್ನೂ ಹೊಸದು. ಅವಳು ತಲೆ ತಗ್ಗಿಸಿ ಮೂಳೆ ಚೀಪುತ್ತಿದ್ದಳು, ನಾಚಿಕೆ ಅಂದುಕೊಂಡೆ. ಅಮ್ಮ ಸಾರಿನ ಸೌಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಸಂತೋಷಕ್ಕೆ ಮಾತು ಹೊರಡಲಿಲ್ಲ ಅಂದುಕೊಂಡೆ. ಎಲ್ಲರ ದನಿ ಹಿಡಿಯುವ ನನಗೆ ಇವರಿಬ್ಬರ ಮೌನ ಮಾತ್ರ ಹಿಡಿಯಲು ಬರಲಿಲ್ಲ. "ಚಿಕ್ಕಪ್ಪಂಗೆ ಜೈ!" ಅಂತ ಮುದ್ದೆ ಕೈಯಲ್ಲೇ ಕೂಗಿದೆ. ಇಡೀ ಅಂಗಳದಲ್ಲಿ ಕೂಗಿದ್ದು ನಾನೊಬ್ಬನೇ.

ವರ್ಷತೊಡಕು ಅಂದರೆ ಯುಗಾದಿಯ ಮಾರನೇ ದಿನ. ಅವತ್ತು ಏನು ಮಾಡುತ್ತೇವೋ ಏನು ಆಡುತ್ತೇವೋ ಅದೇ ವರ್ಷವಿಡೀ ತೊಡರಿಕೊಂಡು ಬರುತ್ತದೆ ಅನ್ನುವುದು ನಮ್ಮ ವರ್ತೂರು ಕಡೆಯವರ ನಂಬಿಕೆ. ಆ ದಿನ ಯಾರೂ ಎದುರು ಮಾತಾಡುವುದಿಲ್ಲ. ರಚ್ಚೆ ಹಿಡಿದ ಮಗುವಿಗೂ "ಆಯ್ತು ಕಣಪ್ಪ" ಅನ್ನುತ್ತಾರೆ. ಅಂಥ ದಿನ ಹಿರಿಯರು ಆಡಿದ ಮಾತು ಅಂದರೆ ಕಲ್ಲಿನಲ್ಲಿ ಕೊರೆದ ಹಾಗೆ ಅಂತ ನಾನು ತಿಳಿದಿದ್ದೆ. ಎದುರು ಮಾತಾಡಬಾರದ ದಿನ ಸಿಕ್ಕ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅನ್ನುವುದು ಹೊಳೆಯಲಿಲ್ಲ.

ಆ ಬೋರ್ಡಿನ ವಿಷಯ ಹೇಳಬೇಕು. ಅಪ್ಪ ತೀರಿಕೊಂಡು ಸ್ವಲ್ಪ ಕಾಲದ ಮೇಲೆ ಮನೆ ಪಾಲಾಯಿತು. ಎಡಗಡೆ ನಮಗೆ, ಬಲಗಡೆ ಚಿಕ್ಕಪ್ಪನಿಗೆ. ಉದ್ದನೆಯ ನಡುಮನೆ ಮಾತ್ರ ಇಬ್ಬರಿಗೂ ಅರ್ಧರ್ಧ. ಪಾಲು ಮಾಡಲು ಬಂದಿದ್ದ ಊರ ಹಿರಿಯರು ಒಂದು ಮಾತು ಹೇಳಿ ಎದ್ದರು: ಹೊಲಕ್ಕೆ ಬೇಲಿ ಹಾಕಿಕೊಳ್ಳಿ, ಹಿತ್ತಿಲಿಗೆ ಕಾಂಪೌಂಡ್ ಕಟ್ಟಿಕೊಳ್ಳಿ, ಆದರೆ ನಡುಮನೆಗೆ ಮಾತ್ರ ಇಟ್ಟಿಗೆ ಇಡಬೇಡಿ, ಇಟ್ಟರೆ ಮದುವೆಗೂ ಒಬ್ಬರಿಗೊಬ್ಬರು ಇಲ್ಲ, ಮಣ್ಣಿಗೂ ಇಲ್ಲ. ಚಿಕ್ಕಪ್ಪ ಆಗ ವೈಟ್‌ಫೀಲ್ಡ್ ಕಡೆಯ ಆಫೀಸುಗಳ ಇಂಟೀರಿಯರ್ ಕೆಲಸಕ್ಕೆ ಲೇಬರ್ ಕಳಿಸುತ್ತಿದ್ದರು. ಆ ಆಫೀಸುಗಳಲ್ಲಿ ಮ್ಯಾನೇಜರಿನ ಕೋಣೆಗೂ ಉಳಿದವರಿಗೂ ನಡುವೆ ನಿಲ್ಲಿಸುವ ಜಿಪ್ಸಂ ಬೋರ್ಡು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಗಡಿನ ಚಾನೆಲ್ ನಿಲ್ಲಿಸಿ, ಅದರ ಎರಡೂ ಮಗ್ಗುಲಿಗೆ ಬೋರ್ಡು ಇಟ್ಟು ಸ್ಕ್ರೂ ಹೊಡೆದರೆ ಒಂದೇ ದಿನದಲ್ಲಿ ಗೋಡೆ. ಎರಡು ಬೋರ್ಡಿನ ನಡುವೆ ಟೊಳ್ಳು; ಬೋರ್ಡಿನ ಒಳಗೆಲ್ಲ ಸುಣ್ಣದ ಪುಡಿಯಂಥದ್ದು, ಹೊರಗೆ ದಪ್ಪ ಕಾಗದ. "ಇದು ಗೋಡೆ ಅಲ್ಲ, ಪರದೆ. ಬ್ಯಾಡ ಅಂದ ದಿನ ಬಿಚ್ಚಿದ್ರಾಯ್ತು" ಅಂದರು. ಹಿರಿಯರ ಮಾತೂ ಉಳಿಯಿತು, ಮನೆಯೂ ಒಡೆಯಿತು. ಕಾನೂನಿನಲ್ಲಿ ಸಂದು ಹುಡುಕುವುದು ನೋಡಿದರೆ ನಮ್ಮ ಚಿಕ್ಕಪ್ಪ ಲಾಯರ್ ಆಗಬೇಕಿತ್ತು.

ನಮ್ಮ ಕಡೆಯ ಬೋಳು ಬೋರ್ಡು ನೋಡಿ ಅಮ್ಮ ಆಸ್ಪತ್ರೆ ಇದ್ದಂಗಿದೆ ಅಂದಿದ್ದಕ್ಕೆ ಯಾವುದೋ ಗೆಸ್ಟ್ ಹೌಸಿನಲ್ಲಿ ಉಳಿದಿದ್ದ ವಾಲ್‌ಪೇಪರ್ ಸುರುಳಿಗಳನ್ನೂ ಅವರೇ ತಂದು ಅಂಟಿಸಿದರು. ಉಬ್ಬು ಎಲೆ, ಉಬ್ಬು ಬಳ್ಳಿ; ಕುರುಡರೂ ಮುಟ್ಟಿ ಎಣಿಸಬಹುದಿತ್ತು. ವರ್ತೂರು ರಸ್ತೆಯ ಅಪಾರ್ಟ್‌ಮೆಂಟ್ ಧೂಳೆಲ್ಲ ಬಂದು ಆ ಎಲೆಗಳ ಬೆನ್ನ ಮೇಲೆ ಕೂರುತ್ತಿತ್ತು. ಹಬ್ಬ ಬಂದರೆ ಅಮ್ಮ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದು ಎಲೆಗೂ ಹಲ್ಲುಜ್ಜುತ್ತಿದ್ದರು.

ಗೋಡೆ ಬಂದಿದ್ದರಿಂದ ನಾನು ಕಳೆದುಕೊಂಡಿದ್ದು ಚಿಕ್ಕಪ್ಪನ ಮಗನನ್ನು. ಅವನೂ ನಾನೂ ಒಂದೇ ವಾರಿಗೆಯವರು. ಹುಟ್ಟಿದಾಗಿನಿಂದ ಅದೇ ನಡುಮನೆಯಲ್ಲಿ ಒಂದೇ ಜಮಖಾನದ ಮೇಲೆ ಮಲಗಿದವರು. ಊರಿನವರ ದನಿಯನ್ನೆಲ್ಲ ನಾನು ಮೊದಲು ತೆಗೆಯುತ್ತಿದ್ದಿದ್ದು ಅವನ ಕಿವಿಯಲ್ಲಿ. ಅವನು ದಿಂಬು ಕಚ್ಚಿಕೊಂಡು ನಕ್ಕರೆ ಪಾಸು, ಇಲ್ಲವಾದರೆ ಫೇಲು. ಗೋಡೆ ಬಂದ ಮೇಲೆ ಅವನು ಆ ಕಡೆ, ನಾನು ಈ ಕಡೆ. ಅಂಗಳದಲ್ಲಿ ಸಿಗುತ್ತಿದ್ದೆವು, ಬೈಕಿನಲ್ಲಿ ಸುತ್ತುತ್ತಿದ್ದೆವು, ಎಲ್ಲ ಸರಿ. ಆದರೆ ಒಬ್ಬರ ಬಾಗಿಲನ್ನು ಇನ್ನೊಬ್ಬರು ಹಬ್ಬದ ದಿನ ಬಿಟ್ಟು ದಾಟುತ್ತಿರಲಿಲ್ಲ. ಗೋಡೆ ಹೋದರೆ ಆ ಜಮಖಾನ ವಾಪಸ್ ಬರುತ್ತದೆ ಅನ್ನುವುದು ನನ್ನ ಲೆಕ್ಕ. ಮೀಸೆ ಬಂದ, ಕಾಲ್ ಸೆಂಟರಿನಲ್ಲಿ ಕೆಲಸಕ್ಕಿದ್ದ ಗಂಡಸಿನ ಲೆಕ್ಕ ಇದು. ನಗಬಹುದು, ನಾನೂ ನಗುತ್ತೇನೆ.

ಚಿಕ್ಕಪ್ಪನದು ಒಂದೇ ಷರತ್ತು. "ಬೋರ್ಡ್ ಮುರೀಬಾರ್ದು ಕಣಪ್ಪ. ಮ್ಯಾಲೆ ನಾನು ಪಿಜಿ ರೂಮ್ ಎಬ್ಬಿಸ್ತಾ ಇವ್ನಲ್ಲ, ಅಲ್ಲಿಗೆ ಬೇಕಾಯ್ತದೆ." ಅವರ ಪಾಲಿನ ಮೇಲೆ ಆಗ ಆ ಬಾಡಿಗೆ ರೂಮುಗಳ ಕೆಲಸ ನಡೆಯುತ್ತಿತ್ತು. ಅಂಗಳದ ತುಂಬ ಮರಳು, ಸಿಮೆಂಟ್ ಬ್ಲಾಕು. ಹಗಲೆಲ್ಲ ರಾಯಚೂರು ಕಡೆಯ ಮೇಸ್ತ್ರಿಗಳ ಕೂಗು. ಗಾರೆ ಬೇಕಾದಾಗ ಅವರು ಕೂಗುವ "ಏ ತಮ್ಮಾ, ಕಲಸ ತಾರೋ" ನನ್ನ ಪಟ್ಟಿಗೆ ಆಗಲೇ ಸೇರಿತ್ತು. ಬೋರ್ಡ್ ಬಿಚ್ಚಬೇಕಾದರೆ ಸ್ಕ್ರೂ ಬಿಚ್ಚಬೇಕು. ಸ್ಕ್ರೂಗಳೆಲ್ಲ ಆ ಉಬ್ಬು ಎಲೆಗಳ ಕೆಳಗಿದ್ದವು. ಹಾಗಾಗಿ ಮೊದಲು ಕಾಗದ ಕೀಳಬೇಕು, ಅದೂ ಬೋರ್ಡಿನ ಮೈ ಸುಲಿಯದ ಹಾಗೆ.

"ನಾನು ಕೀಳ್ತೀನಿ" ಅಂದೆ. ಯಾರೂ ಬೇಡ ಅನ್ನಲಿಲ್ಲ.

ಮೊದಲ ದಿನ ಅಡುಗೆಮನೆಯಿಂದ ದೋಸೆ ಮಗುಚುವ ಕೈ ತಂದು ಎಡಗಡೆ ಮೂಲೆಯಲ್ಲಿ ಶುರು ಮಾಡಿದೆ. ಎಲೆಯ ಜೊತೆಗೆ ಬೋರ್ಡಿನ ಬಿಳಿ ಕಾಗದವೂ ಎದ್ದು, ಒಳಗಿನ ಕಂದು ಪದರ ಕಾಣಿಸಿತು. ಸೀದ ದೋಸೆ ಎಬ್ಬಿಸಿದ ಹಾಗೆ. ಅಮ್ಮ ನೋಡಿ, "ಗೋಡೆಗಿಂತ ಮೊದ್ಲು ನನ್ ಸಟ್ಟುಗ ಕೊಡು" ಅಂದರು.

ಮಾರನೇ ದಿನ ಆಫೀಸಿನ ಕಂಪ್ಯೂಟರಿನಲ್ಲಿ ವಿಡಿಯೊ ಹುಡುಕಿದೆ. ಒಬ್ಬ ಅಮೆರಿಕದವನು, ಕಾಗದ ಕೀಳುವುದನ್ನು ಮಗುವಿಗೆ ಸ್ನಾನ ಮಾಡಿಸುವಷ್ಟು ಪ್ರೀತಿಯಿಂದ ತೋರಿಸುತ್ತಿದ್ದ. ಅವನು ಹೇಳಿದ್ದು ಇಷ್ಟು. ಉಬ್ಬು ಕಾಗದದ ಮೇಲಿನ ಪದರ ಪ್ಲಾಸ್ಟಿಕ್. ಅದರೊಳಕ್ಕೆ ನೀರು ಇಳಿಯುವುದಿಲ್ಲ. ಆದ್ದರಿಂದ ಮೊದಲು ಅದನ್ನು ಒಣಗಿದ್ದ ಹಾಗೆಯೇ ಮೂಲೆಯಿಂದ ಹಿಡಿದು, ಗೋಡೆಗೆ ಒತ್ತಿಕೊಂಡಂತೆ ನಿಧಾನ ಎಳೆಯಬೇಕು. ಕೆಳಗೆ ತೆಳ್ಳನೆ ಕಾಗದ, ಅಂಟು ಉಳಿಯುತ್ತವೆ. ಅದಕ್ಕೆ ಬಿಸಿನೀರು ಸ್ವಲ್ಪ ಮಾತ್ರ ಚಿಮುಕಿಸಿ, ಸುಮ್ಮನೆ ಕಾಯಬೇಕು. ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯನ್ನು ಓರೆಯಾಗಿ ಹಿಡಿದು ತಳ್ಳಬೇಕು. ಬಲ ಹಾಕಬಾರದು. ಎಲ್ಲಕ್ಕಿಂತ ಮುಖ್ಯ, ನೀರು ಜಾಸ್ತಿ ಆಗಬಾರದು; ಜಿಪ್ಸಂ ನೀರು ಕುಡಿದರೆ ಗಂಜಿಯಾಗುತ್ತದೆ, ಮತ್ತೆ ಬೋರ್ಡು ಕೆಲಸಕ್ಕೆ ಬಾರದು.

ಮನೆಗೆ ಬಂದು ಇದನ್ನೆಲ್ಲ ಅವನ ದನಿಯಲ್ಲೇ, ಆದರೆ ವರ್ತೂರು ಕನ್ನಡದಲ್ಲಿ ಅಮ್ಮನಿಗೆ ಮಾಡಿ ತೋರಿಸಿದೆ. "ಓಕೇ ಗೈಸ್, ಈವಾಗ ನಾವು ಈ ಕಾಗ್ದನ ಮೆತ್ತುಗ್ ಮಾತಾಡ್ಸಾವ..." ಅಮ್ಮ ಬೆಳ್ಳುಳ್ಳಿ ಸುಲಿಯುತ್ತ ನಕ್ಕರು. ನಕ್ಕಿದ್ದು ನಿಜ. ಅದನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಅಂದಿನಿಂದ ಸಂಜೆ ಕಂಪನಿ ಬಸ್ಸಿಳಿದವನೇ ಚಡ್ಡಿ ಹಾಕಿಕೊಂಡು ಗೋಡೆಯ ಮುಂದೆ ಕೂರುವುದೇ ಕೆಲಸ. ಕ್ಷೌರದಂಗಡಿಯಿಂದ ಕೇಳಿ ತಂದ ನೀರು ಚಿಮುಕಿಸುವ ಬಾಟಲಿ, ಅಕ್ಕನ ಶಾಲೆ ಕಾಲದ ಪ್ಲಾಸ್ಟಿಕ್ ಸ್ಕೇಲು, ಹಳೇ ಬನೀನಿನ ಚೂರು. ಸ್ಕೇಲಿನ ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡಿದ್ದೆ. ಸ್ವಿಚ್ ಬೋರ್ಡಿನ ಸುತ್ತ ನೀರು ಹಾಕದೆ ಒಣಗಿದ್ದನ್ನೇ ಉಗುರಿನಲ್ಲಿ ಎಬ್ಬಿಸಿದೆ. ಎಲೆಗಳು ಪಟಪಟ ಸದ್ದು ಮಾಡುತ್ತ ಬರುತ್ತಿದ್ದವು, ಕೆಳಗಿನ ಅಂಟು ಕಾಗದ ಹಾಲಿನ ಕೆನೆಯ ಹಾಗೆ ಮಡಿಚಿಕೊಂಡು ಜಾರುತ್ತಿತ್ತು. ಉಳಿದ ಅಂಟನ್ನು ಒದ್ದೆ ಬನೀನಿನಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒತ್ತುತ್ತಿದ್ದೆ. ಸ್ಕ್ರೂ ತಲೆ ಸಿಕ್ಕಿದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕುತ್ತಿದ್ದೆ. ಎಲ್ಲಾದರೂ ಗಾಳಿ ಸೇರಿದೆಯಾ, ಮೆತ್ತಗಾಗಿದೆಯಾ ಅಂತ ಆಗಾಗ ಬೆರಳಿನ ಗೆಣ್ಣಿನಿಂದ ಬಡಿದು ಕೇಳುತ್ತಿದ್ದೆ. ಡಬ್, ಡಬ್. ಒಳಗೆ ಟೊಳ್ಳು ಇರುವ ಗೋಡೆಗೆ ಒಂದು ದನಿಯಿರುತ್ತದೆ. ಖಾಲಿ ಡ್ರಮ್ಮಿನ ದೂರದ ನೆಂಟನ ದನಿ. ಅದನ್ನೂ ಬಾಯಲ್ಲಿ ತೆಗೆಯುತ್ತಿದ್ದೆ.

ಚಿಕ್ಕಪ್ಪನ ಮಗ ಎರಡನೇ ಸಂಜೆಯೇ ಬಂದ. ಹಬ್ಬವಲ್ಲದ ದಿನ ನಮ್ಮ ಹೊಸಿಲು ದಾಟಿ ಬಂದ. ಅಷ್ಟಕ್ಕೇ ನನಗೆ ಅರ್ಧ ಗೋಡೆ ಬಿದ್ದ ಹಾಗಾಯಿತು.

"ಏನ್ ಗುರು, ಒಂದೊಂದ್ ಎಲೇನೂ ಹೆರಿಗೆ ಮಾಡಿಸ್ತಿದೀಯಾ?"

"ನಿಮ್ಮಪ್ಪನ ಬೋರ್ಡ್ ಕಣೋ, ಗೀರು ಬಿದ್ರೆ ಕೆಮ್ತಾರೆ."

"ಕೊಡು ಇಲ್ಲಿ." ಬಾಟಲಿ ಇಸ್ಕೊಂಡು ನೀರು ಹೊಡೆದ. ನಾನು ಸ್ಕೇಲು ತಳ್ಳಿದೆ. ಗುರಿಯಿಟ್ಟು ನನ್ನ ಕಿವಿಗೂ ಒಂದಷ್ಟು ಹೊಡೆದ. ಮೊದಲಿನ ಹಾಗೇ ನಾನು ದನಿ ತೆಗೆಯುವುದು, ಅವನು ಪಾಸು ಫೇಲು ಹೇಳುವುದು ನಡೆಯಿತು. ಅಕ್ಕನ ಭಾವಿ ಮಾವನ ದನಿಗೆ ಡಿಸ್ಟಿಂಕ್ಷನ್ ಕೊಟ್ಟ.

"ನಿಮ್ ಕಡೆ ಬೋರ್ಡ್ ಯಾವಾಗ ಬಿಚ್ಚೋದು?" ಅಂದೆ.

"ಅಪ್ಪ ನೋಡ್ಕೋತದೆ ಬಿಡು. ಒಳಗೆಲ್ಲಾ ಸಿಮೆಂಟ್ ಚೀಲ ಇಟ್ಬಿಟ್ಟವ್ರೆ, ಕಾಲಿಡೋಕೂ ಜಾಗ ಇಲ್ಲ. ನೀನು ಬರಬೇಡ ಆ ಕಡೆ, ಧೂಳು."

ನಾನು ಹೋಗಲಿಲ್ಲ. ಅವನು ಬರುತ್ತಿದ್ದನಲ್ಲ, ಸಾಕಾಗಿತ್ತು.

ಅರ್ಧಕ್ಕಿಂತ ಹೆಚ್ಚು ಗೋಡೆ ಬೆಳ್ಳಗಾದ ಹೊತ್ತಿಗೆ ತೊಂದರೆ ಶುರುವಾಯಿತು. ನೆಲದಿಂದ ಮೊಣಕಾಲಿನ ಎತ್ತರದವರೆಗೆ ಬೋರ್ಡು ಕಪ್ಪಿಟ್ಟ ಹಾಗೆ ಕಂಡಿತು. ಮುಟ್ಟಿದರೆ ತಣ್ಣಗೆ. ಇನ್ನೂ ಕೀಳದಿದ್ದ ಕಡೆಯ ಎಲೆಗಳು ನೀರು ಹೊಡೆಯದೆಯೇ ತಾವಾಗಿ ಬಿಟ್ಟುಕೊಂಡು ಜೋತು ಬಿದ್ದಿದ್ದವು. ಅಂಟು ಬಿಡಿಸುವ ಕಷ್ಟವೇ ಇಲ್ಲ, ಕೈಯಿಟ್ಟರೆ ಬರುತ್ತಿತ್ತು. ಆದರೆ ಕೈಯ ಜೊತೆ ಬೋರ್ಡಿನ ಮೇಲ್ಮೈಯೂ ನೆನೆದ ರೊಟ್ಟಿಯ ಹಾಗೆ ಎದ್ದು ಬರುತ್ತಿತ್ತು.

"ಏನೋ ಇದು?" ಅಂದೆ.

ಅವನು ಬಗ್ಗಿ ನೋಡಿದ. ಬೆರಳಿನಿಂದ ಒತ್ತಿಯೂ ನೋಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: "ನೀನೇ ಜಾಸ್ತಿ ನೀರು ಹೊಡ್ದಿದೀಯ ಮಗಾ. ಇಳ್ಕೊಂಡ್ ಬಂದು ಕೆಳಗೆ ನಿಂತದೆ."

"ನಾನಾ? ಚಿಮುಕ್ಸಿದ್ದು ಅಷ್ಟೇ ಅಲ್ವಾ?"

"ದಿನಾ ಚಿಮುಕ್ಸಿದ್ರೆ ಕೆರೆ ಆಗಲ್ವಾ?"

ಅದು ಸರಿ ಅನ್ನಿಸಿತು. ಅಮೆರಿಕದವನು ಎಲ್ಲಕ್ಕಿಂತ ಮುಖ್ಯ ಅಂದಿದ್ದನ್ನೇ ನಾನು ಕೆಡಿಸಿದ್ದೆ. ಚಿಮುಕಿಸುವುದು ನಿಲ್ಲಿಸಿದೆ. ಟೇಬಲ್ ಫ್ಯಾನ್ ತಂದು ಗೋಡೆಯ ಕಡೆ ತಿರುಗಿಸಿ ಇಟ್ಟೆ. ನಾನು ಕೆಲಸಕ್ಕೆ ಹೋಗುವಾಗಲೂ ಆರಿಸುತ್ತಿರಲಿಲ್ಲ. ವಾಪಸ್ ಬಂದಾಗ ಯಾರೋ ಫ್ಯಾನ್ ಆರಿಸಿರುತ್ತಿದ್ದರು. "ಗೋಡೆಗೆ ಸೆಕೆ ಅಂತ ಯಾರಾರಾ ಫ್ಯಾನ್ ಹಾಕ್ತಾರಾ?" ಅನ್ನುತ್ತಿದ್ದರು ಅಮ್ಮ. ಅಕ್ಕನ ತಲೆಗೂದಲು ಒಣಗಿಸುವ ಮೆಷಿನ್ ಕದ್ದು ನೆಲದ ಮೇಲೆ ಮಲಗಿ ಬಿಸಿಗಾಳಿ ಊದಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಕಿತ್ತುಕೊಳ್ಳುತ್ತಾಳೆ ಅಂದುಕೊಂಡಿದ್ದೆ. "ಇಟ್ಕೋ" ಅಂದು ಒಳಗೆ ಹೋದಳು. ನನ್ನ ಅಕ್ಕ ಬಾಚಣಿಗೆಯನ್ನೂ ಯಾರಿಗೂ ಕೊಟ್ಟವಳಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು.

ಏನು ಮಾಡಿದರೂ ಒದ್ದೆ ಏರುತ್ತಲೇ ಹೋಯಿತು. ಕೊನೆಗೆ ಒಂದು ಬೆಳಿಗ್ಗೆ ಕಂಪನಿ ಬಸ್ಸಿಗೆ ಮುಂಚೆ ಅಂಗಳದಲ್ಲಿ ಚಿಕ್ಕಪ್ಪನನ್ನು ಹಿಡಿದೆ. ಮರಳಿನ ಗುಡ್ಡೆಯ ಪಕ್ಕ ಹಲ್ಲುಜ್ಜುತ್ತ ನಿಂತಿದ್ದರು.

"ಚಿಕ್ಕಪ್ಪ, ಒಂದು ತಪ್ಪಾಗಿದೆ. ಬೋರ್ಡ್ ಕೆಳಗಡೆಯೆಲ್ಲ ನೆನೆದೋಗಿದೆ. ನಂದೇ... ನೀರು ಜಾಸ್ತಿ ಮಾಡ್ಬಿಟ್ಟೆ. ಎರಡು ಬೋರ್ಡ್ ವೇಸ್ಟ್ ಆಗ್ಬೋದು."

ಇದನ್ನು ಯಾರ ದನಿಯನ್ನೂ ಸೇರಿಸದೆ, ನನ್ನದೇ ದನಿಯಲ್ಲಿ ಹೇಳಿದೆ. ಅದೇ ನನಗೆ ಕಷ್ಟದ್ದು. ಚಿಕ್ಕಪ್ಪ ಉಗುಳಿ, ಬಾಯಿ ಮುಕ್ಕಳಿಸಿ, ಟವಲಿನಲ್ಲಿ ಒರೆಸಿಕೊಂಡು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಓಗ್ಲಿ ಬುಡು ಮಗಾ. ಉಡುಗ್ರು ಮಾಡಾ ಕೆಲ್ಸ, ಎಚ್ಚು ಕಮ್ಮಿ ಆಯ್ತದೆ. ನಾನೇನ್ ಬೈಯ್ಯಲ್ಲ."

ಬಸ್ಸಿನಲ್ಲಿ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನಸ್ಸು ಅಂತ. ಇಂಥವರ ಕೆಮ್ಮನ್ನು ಊರೆಲ್ಲ ಅಣಕಿಸಿಕೊಂಡು ತಿರುಗಿದೆನಲ್ಲ ಅಂತ. ಪಕ್ಕದಲ್ಲಿ ಕೂತಿದ್ದವನು "ಏನ್ ಮಚ್ಚಾ, ಬ್ರೇಕಪ್ಪಾ?" ಅಂದ.

ಭಾನುವಾರ ಬೆಳಿಗ್ಗೆ ಉಳಿದ ಸ್ಕ್ರೂಗಳನ್ನು ಗುರುತು ಮಾಡೋಣ ಅಂತ ಕೂತೆ. ಶಾಸ್ತ್ರಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಮನೆಯಲ್ಲಿ ಅಮ್ಮ ಒಬ್ಬರೇ, ಹಿತ್ತಿಲಿನಲ್ಲಿ. ಮೇಸ್ತ್ರಿಗಳಿಗೆ ರಜೆ. ಹಗಲಿನಲ್ಲಿ ಅಷ್ಟು ನಿಶ್ಶಬ್ದವಾಗಿ ಆ ಗೋಡೆ ನನಗೆ ಸಿಕ್ಕಿದ್ದೇ ಅವತ್ತು. ಚಾನೆಲ್ ಎಲ್ಲಿದೆ, ಟೊಳ್ಳು ಎಲ್ಲಿದೆ ಅಂತ ಬಡಿದು ನೋಡಿದೆ.

ಟಕ್.

ಪಕ್ಕಕ್ಕೆ ಸರಿದು ಬಡಿದೆ. ಟಕ್. ಮೇಲೆ ಬಡಿದೆ. ಟಕ್. ಡಬ್ ಎಲ್ಲೂ ಇರಲಿಲ್ಲ. ಕೆಲಸದಿಂದ ಬಂದು ಅವನ ಜೊತೆ ಹರಟುತ್ತ, ಮೇಲಿನ ಮಹಡಿಯ ಗಲಾಟೆಯ ನಡುವೆ ಬಡಿಯುತ್ತಿದ್ದೆನಲ್ಲ, ಯಾವಾಗ ದನಿ ಬದಲಾಯಿತೋ ಕೇಳಿಸಿಕೊಂಡೇ ಇರಲಿಲ್ಲ. ಇಡೀ ಗೋಡೆಗೆ ಯಾರೋ ಬೇರೆಯವರ ದನಿ ಬಂದುಬಿಟ್ಟಿತ್ತು. ನಾನು ಕಿವಿಯನ್ನು ಬೋರ್ಡಿಗೆ ಒತ್ತಿದೆ. ಆ ಕಡೆಯಿಂದ ಸದ್ದು ಬಂತು. ನೀರಿನದು. ಮಗ್ಗಿನಲ್ಲಿ ಎತ್ತಿ ಗೋಡೆಗೆ ಎರಚುವ ಸದ್ದು, ಆಮೇಲೆ ಅದು ಇಳಿದು ಹೋಗುವ ಸದ್ದು. ಮತ್ತೆ ಎರಚು. ನನ್ನ ಕೆನ್ನೆಯ ಕೆಳಗೆ ಬೋರ್ಡು ಐಸಿನ ಹಾಗಿತ್ತು.

ಚಡ್ಡಿಯಲ್ಲೇ ಓಡಿದೆ. ಅಂಗಳ ದಾಟಿ, ಚಿಕ್ಕಪ್ಪನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅಲ್ಲಿ ಸಿಮೆಂಟ್ ಚೀಲ ಒಂದೂ ಇರಲಿಲ್ಲ. ಗುಡಿಸಿ ಸ್ವಚ್ಛವಾಗಿದ್ದ ನಡುಮನೆಯ ಉದ್ದಕ್ಕೂ, ನೆಲದಿಂದ ಸೂರಿನವರೆಗೆ, ಹೊಸ ಸಿಮೆಂಟ್ ಬ್ಲಾಕಿನ ಗೋಡೆ. ಅವರ ಕಡೆಯ ಬೋರ್ಡು ಬಿಚ್ಚಿ, ಚಾನೆಲ್ಲಿನ ಸಂದು ತುಂಬಿ ನಮ್ಮ ಬೋರ್ಡಿಗೆ ತಾಕುವ ಹಾಗೆ ಕಟ್ಟಿದ್ದರು. ಹಸಿ ಗಾರೆಯ ವಾಸನೆ. ಅದರ ಮುಂದೆ ಲುಂಗಿ ಮಡಿಚಿ ಕಟ್ಟಿಕೊಂಡು, ಬಕೆಟ್ಟು, ಮಗ್ಗು ಹಿಡಿದು ನಿಂತಿದ್ದವನು ಚಿಕ್ಕಪ್ಪನ ಮಗ.

"ಏನೋ ಇದು?"

ಅವನು ಮಗ್ಗು ನೋಡಿದ, ಗೋಡೆ ನೋಡಿದ.

"ಕ್ಯೂರಿಂಗು" ಅಂದ.

ಜೀವನದಲ್ಲಿ ಅವನು ನನಗೆ ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಹೊಸ ಗೋಡೆ ಬಿರಿಯದೆ ಗಟ್ಟಿಯಾಗಲಿ ಅಂತ ಬೆಳಿಗ್ಗೆ ಸಂಜೆ ನೀರು ಕುಡಿಸುತ್ತಾರಲ್ಲ, ಅದು. ಬೆಳಿಗ್ಗೆ ಈ ಕಡೆಯಿಂದ ಗೋಡೆಗೆ ನೀರು ಹೊಡೆದು, ಸಂಜೆ ನಮ್ಮ ಕಡೆಗೆ ಬಂದು, ನೀನೇ ಜಾಸ್ತಿ ಹೊಡ್ದಿದೀಯ ಮಗಾ ಅಂದಿದ್ದ.

"ನಂಗೆ ಹೇಳ್ಬೋದಿತ್ತಲ್ಲೋ."

"ಹೇಳ್ಬೇಡ ಅಂದಿದ್ರು."

"ಅದಕ್ಕೆ ಸುಳ್ಳು ಹೇಳ್ದಾ?"

"ಸುಳ್ಳಲ್ಲ ಕಣೋ... ನೀನೂ ಹೊಡ್ದಿದ್ದೆ ತಾನೇ ನೀರು."

ಅಷ್ಟರಲ್ಲಿ ಒಳಗಿನಿಂದ ಚಿಕ್ಕಪ್ಪ ಬಂದರು. ಕೆಮ್ಮಲಿಲ್ಲ. ಕೊಡಲು ಮಾತೇನೂ ಉಳಿದಿರಲಿಲ್ಲವಲ್ಲ.

"ನೋಡಪ್ಪ, ಪಿಜಿಗೆ ಎಣ್ಮಕ್ಳು ಬತ್ತವೆ. ಮ್ಯಾಲಾಗ್ಲಿ ಕೆಳಗಾಗ್ಲಿ ಬೋರ್ಡ್ ಗೋಡೆ ಅಂದ್ರೆ ಯಾರ್ ಒಪ್ತಾರೆ? ಈ ಕಡೆ ಸೀನಿದ್ರೆ ಆ ಕಡೆ ಕೇಳ್ತದೆ."

"ಇಟ್ಟಿಗೆ ಇಡಬಾರ್ದು ಅಂತ ಹಿರೀಕರು ಹೇಳಿದ್ರಲ್ಲ."

"ಇದು ಇಟ್ಟಿಗೆ ಅಲ್ಲ. ಬ್ಲಾಕು."

ನಗು ಬರಬೇಕಾದ ಮಾತು. ಬೇರೆ ಯಾವ ದಿನವಾಗಿದ್ದರೂ ಅದನ್ನು ಇಟ್ಟುಕೊಂಡು ಒಂದು ವರ್ಷ ಜೀವನ ಮಾಡುತ್ತಿದ್ದೆ.

"ನಾನು ಬಂದು ತಪ್ಪಾಯ್ತು ಅಂದೆನಲ್ಲ ಚಿಕ್ಕಪ್ಪ. ಆವಾಗಾದ್ರೂ..."

"ಅದ್ಕೇ ತಾನೆ ಬೈಲಿಲ್ಲ" ಅಂದರು. ಆಮೇಲೆ ಸ್ವಲ್ಪ ಮೆತ್ತಗೆ, "ನಿಂಗೆ ಎಂಗೋ ಯೋಳಾದು? ಬೆಳಿಗ್ಗೆ ಯೋಳಿದ್ರೆ ಸಂಜೀಗೆ ಬಸ್‌ಸ್ಟ್ಯಾಂಡಲ್ಲಿ ನನ್ ತರ ಕೆಮ್ಮಿ ಕೆಮ್ಮಿ ಆಡಿ ತೋರ್ಸಿರ್ತೀಯ. ಬೀಗರ ಕಿವೀಗೂ ಓಗಿರ್ತದೆ. ಅಷ್ಟಕ್ಕೂ ನನ್ನೇ ಯಾಕ್ ಕೇಳ್ತೀಯ, ನಿಮ್ಮಮ್ಮನ್ ಕೇಳು. ಕಟ್ಸಿ ಅಂತ ಬಂದು ಯೋಳಿದ್ದು ಅವ್ರೇಯ."

ಹಿತ್ತಿಲಿಗೆ ಓಡಿದೆ. ಅಮ್ಮ ಕಲ್ಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನ ಮುಖ ನೋಡಿದ ತಕ್ಷಣ ಕೈ ನಿಂತಿತು.

"ನೋಡ್ದಾ?" ಅಂದರು.

"ನೀನೇ ಹೇಳಿದ್ಯಂತೆ."

"ಊಂ. ನಾನೇ ಕಟ್ಟು ಅಂದೆ."

ಅಲ್ಲ ಅನ್ನುತ್ತಾರೆ ಅಂದುಕೊಂಡು ಓಡಿ ಬಂದಿದ್ದೆ. ಅದಕ್ಕೆ ಉತ್ತರವಾಗಿ ಹೇಳಲು ಬೇಕಾದ್ದನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಹೌದು ಅಂದಮೇಲೆ ಅದೆಲ್ಲ ವೇಸ್ಟು.

"ಊಟದ್ ದಿನಾನೇ ಬ್ಯಾಡ ಅಂತ ಅನ್ಬೇಕಿತ್ತು ನಾನು. ವರ್ಷತೊಡಕು, ಎಂಗನ್ನಾದು? ಮಾರ್ನೆ ದಿಸ ಓಗಿ ಅಂದೆ." ಸೊಪ್ಪಿನ ಕಡ್ಡಿ ಮುರಿದು ಪಕ್ಕಕ್ಕೆ ಹಾಕಿದರು. "ನಿಂಗೆ ನಡುಮನೆ ಅಂದ್ರೆ ಆಟ, ಜಮಖಾನ. ನಂಗೆ ನಡುಮನೆ ಅಂದ್ರೆ ನಿನ್ ಚಿಕ್ಕಪ್ಪನ ಲೇಬರ್‌ಗೆಲ್ಲ ಟೀ ಕಾಸಾದು, ಬಂದೋರ್‌ಗೆಲ್ಲ ಎಲೆ ಆಕಾದು, ನಿನ್ ಚಿಕ್ಕಮ್ಮ ಮಲಗಿದ್ರೂ ನಾನು ಎದ್ದಿರಾದು. ಆ ಬೋರ್ಡ್ ಬಂದ್ ಮ್ಯಾಲೆ ನನ್ ಒಲೆ ನಂದಾಯ್ತು ಕಣೋ. ಅದ್ನ ಬಿಚ್ಚಿ ಅಂದ್ರೆ ಎಂಗೆ ಊಂ ಅನ್ಲಿ?"

"ನಂಗ್ ಹೇಳ್ಬೋದಿತ್ತಲ್ಲ ಅಮ್ಮ. ನಾನು ದಿನಾ ಕೂತು ಆ ಕಾಗದನ..."

"ಕುಸಿಯಾಗಿದ್ದೆ. ದಿನಾ ಕೆಲ್ಸದಿಂದ ಬಂದು ಆಡ್ಕೊಂಡು ಕಿತ್ತಾ ಇದ್ದೆ. ಎಂಗ್ ಯೋಳ್ಲಿ?" ಅಮ್ಮಂದಿರಿಗೆ ಮಾತ್ರ ಬರುವ ಧಾಟಿಯಲ್ಲಿ ಸೇರಿಸಿದರು: "ಎಂಗಿದ್ರೂ ಆ ಕಾಗ್ದ ಕೀಳ್ಬೇಕಿತ್ತು. ಧೂಳು."

"ಅಕ್ಕಂಗೂ ಗೊತ್ತಿತ್ತಾ?"

ಅಮ್ಮ ಸೊಪ್ಪು ಬಿಡಿಸಿದರು. ಗೊತ್ತಿತ್ತು. ಬ್ರೂಕ್‌ಫೀಲ್ಡಿನಲ್ಲಿ ಏಸಿ ಇರುವ ಪಾರ್ಟಿ ಹಾಲ್ ಆಗಲೇ ನೋಡಿಬಂದಿದ್ದರಂತೆ. ಎಲ್ಲರಿಗೂ ಗೊತ್ತಿತ್ತು. ಬಹುಶಃ ಆ ರಾಯಚೂರಿನ ಮೇಸ್ತ್ರಿಗಳೂ ಸಂಜೆ ಕೈಕಾಲು ತೊಳೆಯುವಾಗ ನಮ್ಮ ಕಿಟಕಿಯ ಕಡೆ ನೋಡಿ, ನಾಳೆ ಯಾರಿಗೂ ಬೇಡದ ಬೋರ್ಡಿಗೆ ಸ್ನಾನ ಮಾಡಿಸುತ್ತಿರುವ ಈ ಹುಡುಗ ಯಾರು ಅಂತ ಮಾತಾಡಿಕೊಂಡಿರಬೇಕು. ಎಲ್ಲರ ದನಿ ಕದಿಯುವವನು ಅಂತ ಊರಿನಲ್ಲಿ ನನಗೆ ಹೆಸರು. ಯಾರೂ ನನ್ನ ಮುಂದೆ ತಮ್ಮ ನಿಜವಾದ ಮಾತು ಇಡುವುದಿಲ್ಲ, ಕದ್ದುಕೊಂಡು ಹೋಗುತ್ತಾನೆ ಅಂತ. ಇದು ಅವರ ನ್ಯಾಯ. ನಾನು ಒಪ್ಪುವುದಿಲ್ಲ. ಕಳ್ಳನಿಗೂ ಅವನ ಮನೆಯ ಗೋಡೆ ಎಲ್ಲಿದೆ ಅಂತ ಹೇಳುತ್ತಾರೆ.

ಸ್ಕ್ರೂಡ್ರೈವರ್ ತಗೊಂಡೆ. ಪೆನ್ಸಿಲ್ ಗುರುತು ಇದ್ದ ಕಡೆಯೆಲ್ಲ ಬಿಚ್ಚುತ್ತ ಹೋದೆ. ಮಾತಿನ ಪ್ರಕಾರ ಬೋರ್ಡು ಬಿಚ್ಚಬೇಕು, ಮುರಿಯದ ಹಾಗೆ ಬಿಚ್ಚಬೇಕು. ಉಳಿದವರು ಅವರವರ ಮಾತನ್ನು ಏನು ಬೇಕಾದರೂ ಮಾಡಿಕೊಳ್ಳಲಿ ಅಂತ ಹಟ ಬಂದಿತ್ತು. ಕೆಳಗಿನ ಅಂಚು ನೆನೆದು ಉದುರಿದ್ದು ಬಿಟ್ಟರೆ ಒಂದೊಂದು ಬೋರ್ಡೂ ಇಡಿಯಾಗಿ ಬಂತು. ಗೀರಿಲ್ಲ, ಅಂಟಿಲ್ಲ, ಕನ್ನಡಿಯ ಹಾಗೆ ನುಣ್ಣಗೆ. ಅಮೆರಿಕದವನು ನೋಡಿದ್ದರೆ ಅತ್ತುಬಿಡುತ್ತಿದ್ದ. ಅಮ್ಮ ಬಾಗಿಲಲ್ಲಿ ನಿಂತು "ಅದ್ಯಾಕ್ ಬಿಚ್ತೀಯ ಈವಾಗ?" ಅಂದರು. ಮುಂದಿನ ಸ್ಕ್ರೂಗೆ ಹೋದೆ. ಚಿಕ್ಕಪ್ಪನ ಮಗ ಬಂದು, ಕೇಳದೆ, ಇನ್ನೊಂದು ತುದಿ ಹಿಡಿದ. ಬೇಡ ಅನ್ನಲಿಲ್ಲ, ಆ ಬೋರ್ಡನ್ನು ಒಬ್ಬನೇ ಹೊತ್ತರೆ ನಡುವೆ ಮುರಿಯುತ್ತದೆ. ಇಬ್ಬರೂ ಸೇರಿ ಹೊತ್ತು ಅವರ ಜಗಲಿಯ ಮೇಲೆ ಒರಗಿಸಿಟ್ಟೆವು. ಕೊನೆಯದನ್ನು ಇಟ್ಟ ಮೇಲೆ ಅವನು "ಏನಾದ್ರೂ ಮಾತಾಡೋ" ಅಂದ. ನನಗೆ ಎಷ್ಟೊಂದು ದನಿಗಳು ಗೊತ್ತಿದ್ದವು. ಒಂದೂ ಬರಲಿಲ್ಲ.

ಬೋರ್ಡು ಹೋದ ಮೇಲೆ ನಮ್ಮ ನಡುಮನೆಯಲ್ಲಿ ಬ್ಲಾಕಿನ ಬೆನ್ನು ಉಳಿಯಿತು. ಆ ಕಡೆ ನಿಂತು ಕಟ್ಟಿದವರಿಗೆ ಈ ಕಡೆ ಕಾಣುವುದಿಲ್ಲವಲ್ಲ. ಸಂದುಗಳಿಂದ ಗಾರೆ ಉಪ್ಪಿಟ್ಟಿನ ಹಾಗೆ ಹೊರಗೆ ಉಕ್ಕಿ ಒಣಗಿತ್ತು. ಪ್ಲಾಸ್ಟರ್ ಇಲ್ಲ, ಬಣ್ಣ ಇಲ್ಲ. ಶಾಸ್ತ್ರಕ್ಕೆ ಬರುವ ನೆಂಟರು ಮನೆಗೂ ಬಂದರೆ ಇದನ್ನೇ ನೋಡಲಿ ಅನ್ನುವುದು ನನ್ನ ಕೆಟ್ಟ ಆಸೆ. ಅಮ್ಮ ಉದುರಿದ ಪುಡಿ ಗುಡಿಸಿದರು, ನೆಲ ಒರೆಸಿದರು, ಊಟ ಬಡಿಸಿದರು. ನಾನು ಉಣ್ಣಲಿಲ್ಲ. ಅವರು ಉಂಡರು. ಆಮೇಲೆ ಚಾಪೆ ತಂದು ಆ ಗೋಡೆಯ ಬುಡಕ್ಕೇ ಹಾಸಿಕೊಂಡರು. ಒದ್ದೆ ಗೋಡೆ ತಂಪಾಗಿತ್ತು, ಹೊರಗೆ ಬೇಸಿಗೆಯ ಬಿಸಿಲು. ಬೆನ್ನನ್ನು ಬ್ಲಾಕುಗಳಿಗೆ ಒತ್ತಿಕೊಂಡು ಮಲಗಿದರು.

ನಾನು ಎದುರಿಗೆ ಕೂತು ನೋಡುತ್ತಿದ್ದೆ. ಅಮ್ಮ ಹಗಲು ಮಲಗಿದ್ದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ; ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಇರುತ್ತಿದ್ದಿದ್ದೇ ಕಮ್ಮಿ, ಇದ್ದರೂ ಯಾರ ದನಿಯನ್ನೋ ತೆಗೆಯುತ್ತಿರುತ್ತಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ ಚೆನ್ನಾಗಿತ್ತು. ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತು ಅಂತ ಬರೆದರೆ ಓದಲು ಚೆಂದ. ಇಳಿಯಲಿಲ್ಲ. ಅವರ ನಿದ್ದೆಯೂ ನಿಜವಾಗಿತ್ತು, ನನ್ನ ಸಿಟ್ಟೂ ನಿಜವಾಗಿತ್ತು. ಎರಡೂ ಒಂದೇ ಕೋಣೆಯಲ್ಲಿ ಇದ್ದವು.

ಬಹಳ ಹೊತ್ತಿನ ಮೇಲೆ ಕಣ್ಣು ಅರ್ಧ ತೆರೆದು ಕೇಳಿದರು: "ಏನೋ ನೋಡ್ತಾ ಇದೀಯ?"

"ಗೋಡೆ."

"ಏನಾಗದೆ ಗೋಡೆಗೆ?"

"ಏನೂ ಆಗಿಲ್ಲ. ಗಟ್ಟಿಯಾಗ್ತಾ ಇದೆ. ಮಲೀಕೋ."

ಅಮ್ಮ ಮಗ್ಗುಲು ಬದಲಿಸಿ ಮಲಗಿದರು. ಆ ಕಡೆಯಿಂದ ಸಂಜೆಯ ನೀರು ಬೀಳುವ ಸದ್ದು ಶುರುವಾಯಿತು.